ಮೊಸಳೆ ತಲೆ ಮೇಲೆ ಬಾಣಂತನ

ಪ್ರಶ್ನೆ: ನಮ್ದು ಮೈಸೂರು, ಈಗ ಮಗನ ಮನೆಗೆ ಅಂತ ಫ್ಲೋರಿಡಾಗೆ ಬಂದಿದೀನಿ. ಸೇಂಟ್ ಆಗಸ್ಟೀನ್‌ನ ಅಲಿಗೇಟರ್ ಫಾರ್ಮ್‌ಗೆ ಕರ್ಕೊಂಡ್ ಹೋಗಿದ್ರು, ಕೆಳಗೆ ನೀರ್ ತುಂಬಾ ಅಲಿಗೇಟರ್ ಅನ್ನೋ ಮೊಸಳೆ ಥರದವು, ಸರಿಯಾಗಿ ಅವುಗಳ ತಲೆ ಮೇಲಿನ ಮರದಲ್ಲೇ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿವೆ, ಬುದ್ಧಿ ಬೇಡ್ವಾ ಇವಕ್ಕೆ? ಇನ್ನೊಂದು, ಮನೆ ಹಿಂದೇನೇ ಕೆರೆ ಇದೆ, ಸಂಜೆ ಮೊಮ್ಮಗಳನ್ನ, ನಾಯೀನ ಅಲ್ಲಿ ವಾಕಿಂಗ್ ಕರ್ಕೊಂಡ್ ಹೋಗ್ಬಹುದಾ?

ಉತ್ತರ: ಬುದ್ಧಿ ಇರೋದಕ್ಕೇ ಅಲ್ಲಿ ಕಟ್ಟಿರೋದು ಅಮ್ಮಾ. ಆ ಫಾರ್ಮ್ 1893ರದ್ದು, ಆದ್ರೆ ಹಕ್ಕಿಗಳನ್ನ ಯಾರೂ ತಂದು ಸಾಕಿಲ್ಲ, ಅವೇ ಹುಡುಕ್ಕೊಂಡ್ ಬಂದಿರೋದು. ಅವುಗಳ ಅಸಲಿ ಶತ್ರು ರಕೂನ್ ಅನ್ನೋ ಅಲ್ಲಿನ ಕಾಡುಪ್ರಾಣಿ, ರಾತ್ರಿ ಮರ ಹತ್ತಿದ್ರೆ ಮೊಟ್ಟೆ ಮರಿ ಯಾವ್ದೂ ಬಿಡಲ್ಲ, ಆದ್ರೆ ಮರಕ್ಕೆ ಬರ್ಬೇಕಂದ್ರೆ ನೀರು ದಾಟ್ಬೇಕಲ್ಲ, ನೀರಲ್ಲಿ ಯಾರಿದಾರೆ ನೀವೇ ನೋಡಿದೀರ. ಹಾಗಂತ ಪುಕ್ಕಟೆ ವಾಚ್‌ಮನ್ ಅಲ್ಲ, ಸಂಬಳ ಇದೆ. ಈ ಹಕ್ಕಿಗಳು ಎಷ್ಟೋ ಸಲ ಸಾಕಕ್ಕಾಗೋದಕ್ಕಿಂತ ಜಾಸ್ತಿ ಮೊಟ್ಟೆ ಇಡ್ತವೆ, ಊಟ ಸಾಲ್ದೇ ಇದ್ರೆ ಬಲಿತ ಮರಿ ಬಡಕಲು ಮರೀನ ಕುಕ್ಕಿ ಗೂಡಿಂದ ತಳ್ಳತ್ತೆ, ಕೆಳಗೆ ಬುಳುಕ್ ಅಂತ ಸದ್ದು, ಮುಗೀತು. ಫ್ಲೋರಿಡಾದ ಎವರ್‌ಗ್ಲೇಡ್ಸ್ ಅನ್ನೋ ಜೌಗು ಪ್ರದೇಶದಲ್ಲಿ ಅಲಿಗೇಟರ್ ಹಿಡಿದು ಅಳತೆ ಮಾಡಿ 2016ರಲ್ಲಿ ಒಂದು ಅಧ್ಯಯನ ಬಂತು, ಗೂಡುಗಳ ಹತ್ರ ಇದ್ದವು ಬೇರೆಯವಕ್ಕಿಂತ ಮೈಕೈ ತುಂಬ್ಕೊಂಡಿದ್ವು. (ನಮ್ಮ ರಂಗನತಿಟ್ಟಲ್ಲೂ ಬಂಡೆ ಮೇಲೆ ಮೊಸಳೆ, ಮರದಲ್ಲಿ ಕೊಕ್ಕರೆ ನೋಡಿರ್ತೀರ, ಆದ್ರೆ ಅದು ಮಗ್ಗರ್, ಇದ್ರ ಜಾತಿ ಬೇರೆ.)

ವಾಕಿಂಗ್ ವಿಷ್ಯಕ್ಕೆ ಬಂದ್ರೆ, ಸಂಜೆ ಬೇಡವೇ ಬೇಡ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅಲಿಗೇಟರ್‌ಗೆ ಬೇಟೆ ಟೈಮು, ಅದರ ಕಣ್ಣಿಗೆ ನಿಮ್ ನಾಯಿ ರಕೂನ್ ಥರಾನೇ ಒಂದು ತುತ್ತು. ಹಗಲಲ್ಲಿ ಹೋಗಿ, ನಾಯಿಗೆ ಬೆಲ್ಟ್ ಹಾಕಿ, ಮಗು ಕೈ ಬಿಡ್ಬೇಡಿ, ನೀರಂಚಿಗೆ ಇಳೀಬೇಡಿ. ಮೀನಿಗೆ ಹಾಕ್ದಂಗೆ ಬ್ರೆಡ್ ಎಸೆಯೋ ಅಭ್ಯಾಸ ಇದ್ರೆ ಅದನ್ನ ಮೈಸೂರಲ್ಲೇ ಬಿಡಿ, ಅಲಿಗೇಟರ್‌ಗೆ ತಿನ್ನಕ್ಕೆ ಹಾಕೋದು ಅಲ್ಲಿ ಕಾನೂನಿಗೆ ವಿರುದ್ಧ, ತಿಂದು ರೂಢಿಯಾದ್ರೆ ಮನುಷ್ಯರ ಭಯ ಹೋಗಿ ಹತ್ರ ಬರಕ್ಕೆ ಶುರು ಮಾಡತ್ತೆ. ದಡದಲ್ಲಿ ಹುಲ್ಲು ಕೆಸರಿನ ಗುಡ್ಡೆ ಕಂಡ್ರೆ ಅದು ಅದರ ಗೂಡು, ತಾಯಿ ಪಕ್ಕದಲ್ಲೇ ಇರತ್ತೆ, ಬುಸ್ ಅಂದ್ರೆ ಹಿಂದೆ ಸರೀರಿ. ಅಟ್ಟಿಸ್ಕೊಂಡ್ ಬಂದ್ರೆ ಅಂಕುಡೊಂಕಾಗಿ ಓಡ್ಬೇಕು ಅನ್ನೋದು ಬರೀ ಪುಕಾರು, ನೀರಿಂದ ದೂರಕ್ಕೆ ನೆಟ್ಟಗೆ ಓಡಿ, ನೆಲದ ಮೇಲೆ ಅದು ಬೇಗ ಸುಸ್ತಾಗತ್ತೆ.

ಮತ್ತೆ ಕೊಕ್ಕರೆ ಮರಿ ಕೆಳಗೆ ಬಿದ್ದಿದ್ರೆ ಅಯ್ಯೋ ಪಾಪ ಅಂತ ಎತ್ತಕ್ಕೆ ಬಗ್ಬೇಡಿ, ಅದಕ್ಕೆ ಕಾಯ್ತಾ ಇರೋರು ನೀರೊಳಗೆ ಕಣ್ಣೆರಡು ಮಾತ್ರ ಮೇಲಿಟ್ಕೊಂಡ್ ಕೂತಿರ್ತಾರೆ.