ವಿಡಿಯೋ ಡಿಕೋಡರ್ ಡ್ರೈವರ್‌ನಲ್ಲಿ ಮೆಮೊರಿ ಬಗ್ ಸಿಕ್ಕಿದೆ, ಒಂದು ಇಫ್ ಹಾಕಿ ಮುಚ್ಚಿದರೆ ಸಾಕಾ?

ಆ ಇಫ್, ಅಂದರೆ "ಹೀಗಿದ್ದರೆ ಇಲ್ಲೇ ನಿಲ್ಲು" ಅನ್ನೋ ಒಂದು ಸಾಲಿನ ಚೆಕ್, ನಾನೂ ಹಾಕಿದ್ದೆ. ಅದೇ ಥರದ ಜಾಗದಲ್ಲಿ, ಅದೇ ಧೈರ್ಯದಲ್ಲಿ.

ಕೆಟ್ಟ ಎಂಪಿ4 ಫೈಲ್ ಕೊಟ್ಟರೆ ಫೋನ್ ರೀಬೂಟ್ ಆಗುತ್ತದೆ, ಕ್ರ್ಯಾಶ್ ಆದ ಸಾಲಿನ ಮೇಲೆ ಚೆಕ್ ಹಾಕಿದರೆ ನಿಲ್ಲುತ್ತದೆ, ಸ್ಯಾಂಡ್‌ಬಾಕ್ಸ್‌ನಲ್ಲಿರುವ (ಅಂದರೆ ಕಮ್ಮಿ ಹಕ್ಕು ಕೊಟ್ಟು ಕೂಡಿಹಾಕಿದ) ಮೀಡಿಯಾ ಪ್ರೊಸೆಸ್ ಬಿಟ್ಟು ಬೇರೆ ಯಾರಿಗೂ ಆ ಡ್ರೈವರ್ ಸಿಗಲ್ಲ, ಹಾಗಿದ್ದ ಮೇಲೆ ಸೆಕ್ಯುರಿಟಿ ಟೀಮಿಗೆ ಹೇಳಲೇಬೇಕಾ ಅಂತ ಕೇಳಿದ್ದೀರಿ. ನಾನು ಅಷ್ಟು ಕೂಡ ಕೇಳಲಿಲ್ಲ.

ಆಗ ನಾನು ಒಂದು ಚಿಪ್ ಕಂಪನಿಯಲ್ಲಿ ಹಾರ್ಡ್‌ವೇರ್ ಡಿಕೋಡರಿನ ಕರ್ನಲ್ ಡ್ರೈವರ್ ನೋಡಿಕೊಳ್ಳುತ್ತಿದ್ದೆ. ವಿಡಿಯೋ ಬಿಡಿಸುವ ಚಿಪ್ಪನ್ನು ಫೋನಿನ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗಿಂದ ನಡೆಸುವ ಕೋಡ್ ಅದು. ಕೋಡ್ ನನ್ನದಲ್ಲ, ಹಿಂದಿನವರಿಂದ ಬಂದದ್ದು. ಡಿಕೋಡರ್ ಪ್ರತಿ ಫ್ರೇಮಿಗೂ ಎರಡು ಬಫರ್ (ಮೆಮೊರಿಯ ತುಂಡು) ತುಂಬುತ್ತಿತ್ತು. ದೊಡ್ಡದರಲ್ಲಿ ಚಿತ್ರ. ಚಿಕ್ಕದರಲ್ಲಿ ಆ ಚಿತ್ರದ ಜಾತಕ: ಅಳತೆ ಎಷ್ಟು, ಎಲ್ಲಿ ಕ್ರಾಪ್ ಮಾಡಬೇಕು, ಯಾವ ಯಾವ ಹಳೇ ಫ್ರೇಮ್ ನೋಡಿ ಇದನ್ನು ಕಟ್ಟಿದ್ದು. ಡ್ರೈವರ್ ಆ ಹಳೇ ಫ್ರೇಮ್‌ಗಳ ಪಟ್ಟಿಯನ್ನು ತನ್ನದೊಂದು ಅರೇಗೆ ಕಾಪಿ ಮಾಡಿಕೊಳ್ಳುತ್ತಿತ್ತು. ಅರೇಯಲ್ಲಿ 16 ಮನೆ, ಒಂದೊಂದೂ 32 ಬೈಟ್, ಒಟ್ಟು 512. ಎಚ್.264 ಅನ್ನೋ ವಿಡಿಯೋ ನಮೂನೆಯ ನಿಯಮದ ಪ್ರಕಾರ ಈ ಹಳೇ ಫ್ರೇಮ್‌ಗಳು, ಅಂದರೆ ರೆಫರೆನ್ಸ್ ಫ್ರೇಮ್, 16ಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಆದರೆ ಫೈಲ್ ಬರೆಯುವವನು ನಿಯಮ ಓದಿರಬೇಕು ಅಂತೇನೂ ಇಲ್ಲವಲ್ಲ. ನಮ್ಮ ಫಜರ್ (ಬೇಕಂತಲೇ ಫೈಲ್ ಕೆಡಿಸಿ ಬಗ್ ಹುಡುಕುವ ಪ್ರೋಗ್ರಾಮ್) ಕೆಡಿಸಿದ ಫೈಲಿನಲ್ಲಿ 24 ಅಂತ ಇತ್ತು. ಡಿಕೋಡರ್ ಚಿಪ್ಪಿನೊಳಗೆ ಓಡುವ ಪ್ರೋಗ್ರಾಮ್, ಅಂದರೆ ಫರ್ಮ್‌ವೇರ್, ಅದನ್ನು ಹಾಗೇ ಬಫರಿಗೆ ಬರೆಯಿತು. ಡ್ರೈವರ್ ಹಾಗೇ ನಂಬಿತು. ಎಂಟು ಮನೆ ಹೊರಗೆ ಬಿತ್ತು, ಅಂದರೆ 256 ಬೈಟ್ ಪಕ್ಕದವರ ಜಾಗದಲ್ಲಿ.

ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಕೇಸ್ಯಾನ್ ಉಪಕರಣ ಕೊಟ್ಟ ರಿಪೋರ್ಟ್ ಇವತ್ತಿಗೂ ಕಣ್ಣ ಮುಂದಿದೆ. 512 ಬೈಟ್ ಜಾಗದ ಬಲಕ್ಕೆ 0 ಬೈಟ್ ದೂರದಲ್ಲಿ ಬರೆದಿದೆ ಅಂತ ಒಂದು ಸಾಲು. ಕೆಳಗೆ ಮೆಮೊರಿ ನಕ್ಷೆಯಲ್ಲಿ ಸೊನ್ನೆ ಸೊನ್ನೆ ಸೊನ್ನೆ, ಆಮೇಲೆ ಎಫ್‌ಸಿ ಎಫ್‌ಸಿ ಎಫ್‌ಸಿ. ಸೊನ್ನೆ ನಮ್ಮ ಜಾಗ, ಎಫ್‌ಸಿ ಬೇಲಿ. ಮೊದಲ ಎಫ್‌ಸಿ ಕೆಳಗೆ ಒಂದು ಬಾಣದ ಗುರುತು. ಇದಕ್ಕಿಂತ ಸ್ಪಷ್ಟವಾಗಿ ಯಾರೂ ನಿಮಗೆ ಬಗ್ ತೋರಿಸಲ್ಲ. ಅದೇ ತೊಂದರೆ ಕೂಡ. ಬಾಣ ಎಲ್ಲಿದೆಯೋ ಅಲ್ಲೇ ನಾವು ರಿಪೇರಿ ಮಾಡುತ್ತೇವೆ.

ಲೂಪಿನ ಮೇಲೆ ಬರೆದೆ: ಎಣಿಕೆ 16ಕ್ಕಿಂತ ಜಾಸ್ತಿ ಇದ್ದರೆ ಎರರ್ ಕೊಟ್ಟು ವಾಪಸ್ ಹೋಗು. ಅದೇ ಫೈಲನ್ನು ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ಎಲ್ಲ ಹಸಿರು. ಟಿಕೆಟ್‌ನಲ್ಲಿ "ಸ್ಟೆಬಿಲಿಟಿ" ಅಂತ ಆರಿಸಿ ಮುಚ್ಚಿದೆ.

ಐದು ತಿಂಗಳಾದ ಮೇಲೆ ಹೊರಗಿನ ಒಬ್ಬ ಸಂಶೋಧಕರಿಂದ ಕಂಪನಿಗೆ ಮೇಲ್ ಬಂತು. ಜೊತೆಗೆ ಒಂದು ಪುಟ್ಟ ಪ್ರೋಗ್ರಾಮ್. ಓಡಿಸಿದರೆ ಅದೇ ಅರೇ, ಅದೇ 512 ಬೈಟ್, ಅದೇ ಎಫ್‌ಸಿ. ನನ್ನ ಇಫ್ ಕೂಡ ಅಲ್ಲೇ ಇತ್ತು, ಕಲ್ಲಿನ ಹಾಗೆ.

ಏನಾಗಿತ್ತು ಅಂತ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನೀವು ಹಾಕಿರೋ ಪ್ಯಾಚ್ ಕೂಡ ಹೀಗೇ ಇದೆ ಅಂತ ನನ್ನ ಅನುಮಾನ. ಆ ಜಾತಕದ ಬಫರ್ ಡ್ರೈವರಿನ ಸ್ವಂತ ಮೆಮೊರಿ ಅಲ್ಲ. ಅದನ್ನು ಫರ್ಮ್‌ವೇರ್ ಬರೆಯುತ್ತದೆ, ಡ್ರೈವರ್ ಓದುತ್ತದೆ, ಮೀಡಿಯಾ ಪ್ರೊಸೆಸ್ಸೂ ಮ್ಯಾಪ್ ಮಾಡಿಕೊಂಡಿರುತ್ತದೆ. ಮೂರು ಜನರ ಕೈಯಲ್ಲಿರೋ ಒಂದೇ ಹಾಳೆ. ನನ್ನ ಇಫ್ ಆ ಹಾಳೆಯಿಂದ ಎಣಿಕೆಯನ್ನು ಓದಿ, 8 ಅಂತ ಇದೆ, ಸರಿ ಅಂದಿತು. ಆಮೇಲೆ ಲೂಪ್ ಶುರುವಾದಾಗ ಅದು ಎಣಿಕೆಯನ್ನು ಎಲ್ಲಿಂದ ಓದಿತು? ಮತ್ತೆ ಅದೇ ಹಾಳೆಯಿಂದ. ಅಷ್ಟರಲ್ಲಿ ಜೊತೆಜೊತೆಗೇ ಓಡುತ್ತಿದ್ದ ಇನ್ನೊಂದು ಥ್ರೆಡ್ ಅಲ್ಲಿ 24 ಅಂತ ಬರೆದಿತ್ತು. ನೋಟು ಎಣಿಸಿ, ಕಟ್ಟನ್ನು ಅವರ ಕೈಗೇ ವಾಪಸ್ ಕೊಟ್ಟು, ಆಮೇಲೆ ಅವರು ಕೊಟ್ಟದ್ದನ್ನು ನೋಡದೆ ಜೇಬಿಗಿಟ್ಟುಕೊಂಡ ಹಾಗೆ. ಎಣಿಸಿದ್ದು ನಿಜ. ಎಣಿಸಿದ್ದು ಬೇರೆ, ಇಟ್ಟುಕೊಂಡದ್ದು ಬೇರೆ.

"ಆ ಎರಡು ಓದಿನ ನಡುವೆ ನಾಲ್ಕೈದು ಇನ್‌ಸ್ಟ್ರಕ್ಷನ್ ಕೂಡ ಇಲ್ಲ, ಯಾರಿಗೆ ಸಿಗುತ್ತೆ ಆ ಗಳಿಗೆ" ಅಂತ ನಾನು ಮೀಟಿಂಗಿನಲ್ಲಿ ವಾದ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ. ಆ ಸಂಶೋಧಕರ ಪ್ರೋಗ್ರಾಮ್ ಎರಡು ಥ್ರೆಡ್‌ಗಳನ್ನು ಎರಡು ಕೋರ್ ಮೇಲೆ ಕೂರಿಸುತ್ತಿತ್ತು. ಒಂದು ಡ್ರೈವರನ್ನು ಕರೆಯುತ್ತಲೇ ಇರುತ್ತದೆ, ಇನ್ನೊಂದು 8, 24, 8, 24 ಅಂತ ಬದಲಾಯಿಸುತ್ತಲೇ ಇರುತ್ತದೆ. ಇಫ್‌ಗೆ 24 ಕಂಡರೆ ಎರರ್, ಎರಡೂ ಕಡೆ 8 ಕಂಡರೆ ಮಾಮೂಲಿ ಕೆಲಸ. ಅಂದರೆ ಸೋತರೆ ಏನೂ ನಷ್ಟವಿಲ್ಲ, ಫೋನ್ ಕೂಡ ಕ್ರ್ಯಾಶ್ ಆಗಲ್ಲ, ಸುಮ್ನೆ ಮತ್ತೆ ಟ್ರೈ ಮಾಡಬಹುದು. ನಮ್ಮ ಟೇಬಲ್ ಮೇಲಿನ ಫೋನ್ ಕಾಫಿ ಕಪ್ ಎತ್ತಿ ಇಡುವಷ್ಟರಲ್ಲಿ ಕ್ರ್ಯಾಶ್ ಆಯಿತು.

ನಮ್ಮ ಫಜರಿಗೆ ಯಾಕೆ ಇದು ಸಿಗಲಿಲ್ಲ? ಅದು ಫೈಲನ್ನು ಮಾತ್ರ ಕೆಡಿಸುತ್ತಿತ್ತು. ಡ್ರೈವರ್ ಓದುತ್ತಿರೋವಾಗಲೇ ಬಫರಿಗೆ ಕೈ ಹಾಕಬಹುದು ಅಂತ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ನನಗೇ ಗೊತ್ತಿರಲಿಲ್ಲ, ಅದಕ್ಕೆಲ್ಲಿಂದ ಹೇಳಿಕೊಡೋದು.

ಸರಿಯಾದ ರಿಪೇರಿ ದೊಡ್ಡದೇನಲ್ಲ. ಎಣಿಕೆಯನ್ನು ಒಂದೇ ಒಂದು ಸಲ ಸ್ವಂತ ವೇರಿಯಬಲ್‌ಗೆ ತೆಗೆದುಕೊಳ್ಳಿ, ಅದನ್ನು ಚೆಕ್ ಮಾಡಿ, ಅದನ್ನೇ ಬಳಸಿ. ಇಲ್ಲೂ ಒಂದು ಗುಂಡಿ ಇದೆ: ಸಾದಾ ವೇರಿಯಬಲ್‌ಗೆ ಹಾಕಿಕೊಂಡರೂ ಕಂಪೈಲರ್ ತನ್ನ ಅನುಕೂಲಕ್ಕೆ ಮೂಲ ಮೆಮೊರಿಯನ್ನೇ ಎರಡನೇ ಸಲ ಓದುವ ಕೋಡ್ ಹುಟ್ಟಿಸಬಹುದು. ಅದಕ್ಕೇ ಲಿನಕ್ಸ್ ಕರ್ನಲ್‌ನಲ್ಲಿ ರೀಡ್ ವನ್ಸ್ ಅನ್ನೋ ಮ್ಯಾಕ್ರೋ ಇರೋದು. ಪಟ್ಟಿಯ ಒಳಗೆ ಆಫ್‌ಸೆಟ್, ಉದ್ದ ಅಂತ ಇನ್ನೂ ನಂಬರ್‌ಗಳಿದ್ದರೆ ಇಡೀ ಹೆಡರನ್ನೇ ಮೊದಲು ನಿಮ್ಮ ಮೆಮೊರಿಗೆ ಕಾಪಿ ಮಾಡಿ, ಆಮೇಲೆ ಆ ಕಡೆ ತಿರುಗಿ ನೋಡಬೇಡಿ. "ಫರ್ಮ್‌ವೇರ್ ನಮ್ಮದೇ, ಸಹಿ ಹಾಕಿದ್ದೇವೆ" ಅಂತ ಯಾರಾದರೂ ಹೇಳುತ್ತಾರೆ. ಸಹಿ ಹೇಳೋದು ಬೂಟ್ ಆದಾಗ ಅದು ಹೇಗಿತ್ತು ಅಂತ. ಆಮೇಲೆ ಅದೂ ಯಾರೋ ಕಳಿಸಿದ ವಿಡಿಯೋವನ್ನೇ ಓದುತ್ತಾ ಕೂತಿರುತ್ತದೆ.

ಈಗ ನಿಮ್ಮ ಸ್ಯಾಂಡ್‌ಬಾಕ್ಸ್ ಮಾತಿಗೆ ಬರುತ್ತೇನೆ. ಅದನ್ನು ನಾನು ಒಪ್ಪಲ್ಲ. 2015ರ ಸ್ಟೇಜ್‌ಫ್ರೈಟ್ ಗಲಾಟೆ ನೆನಪಿರಬೇಕು, ಆಂಡ್ರಾಯ್ಡ್‌ನ ವಿಡಿಯೋ ಓದುವ ಕೋಡಿನ ಬಗ್‌ಗಳು, ಫೋನಿನೊಳಗೆ ನುಗ್ಗೋಕೆ ಒಂದು ಎಂಎಂಎಸ್ ಬಂದರೆ ಸಾಕಿತ್ತು. ಅದಾದ ಮೇಲೆ ಆಂಡ್ರಾಯ್ಡ್ 7ರಲ್ಲಿ ದೊಡ್ಡ ಮೀಡಿಯಾ ಸರ್ವರನ್ನು ಒಡೆದು ಚಿಕ್ಕ ಚಿಕ್ಕ ಪ್ರೊಸೆಸ್ ಮಾಡಿದರು, ಒಂದೊಂದಕ್ಕೂ ಕಮ್ಮಿ ಹಕ್ಕು ಕೊಟ್ಟರು. ಒಳ್ಳೆಯ ಕೆಲಸ. ಆದರೆ ಡಿಕೋಡ್ ಮಾಡೋ ಪ್ರೊಸೆಸ್ಸಿಗೆ ಡಿಕೋಡರ್ ಡ್ರೈವರ್ ಬೇಕೇ ಬೇಕು. ಎಲ್ಲ ಬಾಗಿಲು ಮುಚ್ಚಿದ ಮನೆಯಲ್ಲಿ ತೆರೆದಿಟ್ಟಿರೋ ಒಂದು ಬಾಗಿಲು ಅಂದರೆ ನಿಮ್ಮ ಡ್ರೈವರ್. ಮೊದಲ ಬಗ್‌ನಿಂದ ಒಳಗೆ ಬಂದವನು ಕರ್ನಲ್‌ಗೆ ಹೋಗೋಕೆ ಹುಡುಕೋದೇ ಅದನ್ನ. 2026ರ ಜನವರಿಯಲ್ಲಿ ಗೂಗಲ್‌ನ ಬಗ್ ಹುಡುಕುವ ತಂಡ ಪ್ರಾಜೆಕ್ಟ್ ಝೀರೋ ಪಿಕ್ಸೆಲ್ 9 ಫೋನಿನ ಬಗ್ಗೆ ಬರೆದದ್ದು ನೋಡಿ: ಡಾಲ್ಬಿ ಆಡಿಯೋ ಡಿಕೋಡರಿನ ಬಗ್‌ನಿಂದ ಮೀಡಿಯಾ ಪ್ರೊಸೆಸ್ ಒಳಗೆ, ಅಲ್ಲಿಂದ ಬಿಗ್‌ವೇವ್ ಅನ್ನೋ ಎವಿ1 ವಿಡಿಯೋ ಡಿಕೋಡರ್ ಡ್ರೈವರ್ ಹಿಡಿದು ಕರ್ನಲ್‌ಗೆ. ಬಳಕೆದಾರರು ಏನನ್ನೂ ಒತ್ತಬೇಕಾಗಿರಲಿಲ್ಲ. ನಿಮ್ಮದಂತೂ ಇನ್ನೂ ಕೆಟ್ಟದು. ಫೈಲಿನಲ್ಲಿರೋ ನಂಬರೇ ನೇರ ಕರ್ನಲ್‌ವರೆಗೆ ನಡೆದುಕೊಂಡು ಹೋಗಿದೆ, ನಡುವೆ ಮೊದಲ ಬಗ್ ಬೇಕಾಗೇ ಇಲ್ಲ.

ಐಫೋನಿನಲ್ಲೂ ಇದೇ ಕಥೆ. ಸಿವಿಇ-2022-22675 ಅಂತ ಹುಡುಕಿ (ಸಿವಿಇ ಅಂದರೆ ಬಯಲಾದ ಸೆಕ್ಯುರಿಟಿ ಬಗ್‌ಗೆ ಕೊಡೋ ನಂಬರ್). ಆಪಲ್‌ನ ವಿಡಿಯೋ ಡಿಕೋಡರ್ ಡ್ರೈವರ್, ಎಚ್.264ರ ಒಂದು ಎಣಿಕೆ, ನಿಯಮದ ಮಿತಿ 32, ಫೈಲಿನಲ್ಲಿ ಅದಕ್ಕಿಂತ ಜಾಸ್ತಿ. 2022ರ ಮಾರ್ಚ್ 31ಕ್ಕೆ ಪ್ಯಾಚ್ ಬಂದಾಗ, ಇದನ್ನು ಆಗಲೇ ಯಾರೋ ಬಳಸುತ್ತಿರಬಹುದು ಅಂತ ಅವರೇ ಬರೆದಿದ್ದರು.

ಅರೆಬರೆ ಪ್ಯಾಚ್ ಹಾಕಿದ್ದು ನಾನೊಬ್ಬನೇ ಅಲ್ಲ, ಅಷ್ಟು ಸಮಾಧಾನ. ಸ್ಟೇಜ್‌ಫ್ರೈಟ್‌ಗೆ ಹಾಕಿದ ಪ್ಯಾಚ್‌ಗಳಲ್ಲಿ ನಾಲ್ಕು ಸಾಲಿನದ್ದೊಂದಿತ್ತು. ಚೆಕ್ ಮಾಡಿದ ಸೈಜ್ 64 ಬಿಟ್, ಮೆಮೊರಿ ಕೇಳಿದ್ದು 32 ಬಿಟ್ ಲೆಕ್ಕದಲ್ಲಿ. ದೊಡ್ಡ ನಂಬರ್ ಕೊಟ್ಟರೆ ಚೆಕ್ ದಾಟಿ ಹೋಗುತ್ತಿತ್ತು. ಅದೇ ಆಗಸ್ಟ್‌ನಲ್ಲಿ ಎಕ್ಸೋಡಸ್ ಇಂಟೆಲಿಜೆನ್ಸ್ ಅನ್ನೋ ಸೆಕ್ಯುರಿಟಿ ಕಂಪನಿಯವರು ಅದನ್ನು ಬಯಲು ಮಾಡಿದರು, ಸಿವಿಇ-2015-3864 ಅಂತ ಹೊಸ ನಂಬರ್ ಬಂತು. ಅಲ್ಲೂ ಅಷ್ಟೇ, ಚೆಕ್ ಮಾಡಿದ್ದೊಂದು, ಬಳಸಿದ್ದೊಂದು.

ಹಾಗಾಗಿ "ಇದನ್ನು ದುರುಪಯೋಗ ಮಾಡೋಕೆ ಆಗುತ್ತಾ" ಅಂತ ಕೂತು ಯೋಚನೆ ಮಾಡಬೇಡಿ. ಅದು ನಿಮ್ಮ ಕೆಲಸ ಅಲ್ಲ, ನಿಮಗೆ ಬರೋದೂ ಇಲ್ಲ. ನನಗೂ ಬರುತ್ತಿರಲಿಲ್ಲ, ಬರುತ್ತೆ ಅಂದುಕೊಂಡಿದ್ದೆ. ಕರ್ನಲ್ ಒಳಗೆ ಬೇಲಿ ದಾಟಿ ಬರೆದಿದೆ ಅಂದರೆ ಸೆಕ್ಯುರಿಟಿ ಟಿಕೆಟ್, ಇವತ್ತೇ. "ಸ್ಟೆಬಿಲಿಟಿ" ಅಂತ ಹಾಕಿದ್ದರಿಂದ ನನ್ನ ಮೊದಲ ಪ್ಯಾಚ್‌ಗೆ ಸಿವಿಇ ಸಿಗಲಿಲ್ಲ. ಸಿವಿಇ ಇಲ್ಲದ ಪ್ಯಾಚನ್ನು ಫೋನ್ ಕಂಪನಿಗಳು ಹಳೇ ಬ್ರಾಂಚ್‌ಗಳಿಗೆ (ಕೋಡಿನ ಹಳೇ ಆವೃತ್ತಿಗಳಿಗೆ) ತೆಗೆದುಕೊಳ್ಳಲೇ ಇಲ್ಲ. ಮೂಲ ಲಿನಕ್ಸ್‌ನವರು 2024ರ ಫೆಬ್ರವರಿಯಿಂದ ತಾವೇ ಸಿವಿಇ ಕೊಡುತ್ತಾರೆ, ನಿಮ್ಮ ಕಂಪನಿಯೊಳಗೇ ಇರೋ ಡ್ರೈವರಿಗೆ ಆ ಭಾಗ್ಯ ಇಲ್ಲ. ಮೇಲ್ ಬಂದಾಗ ಅಂಗಡಿಯಲ್ಲಿದ್ದ ಫೋನ್‌ಗಳಲ್ಲಿ ಅರೆಬರೆ ಪ್ಯಾಚ್ ಕೂಡ ಇರಲಿಲ್ಲ. ಸಂಶೋಧಕರು ಕೊಟ್ಟ 90 ದಿನದ ಗಡುವಿನಲ್ಲಿ ಎಂಟು ಬ್ರಾಂಚ್‌ಗಳಿಗೆ ಎರಡೂ ಪ್ಯಾಚ್ ಹಾಕಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋ ಕೆಲಸ ಎಷ್ಟು ಬೇಜಾರು ಅಂತ ಆಗ ಗೊತ್ತಾಯಿತು. ಆ ಡ್ರೈವರ್ ಆಮೇಲೆ ಬೇರೆಯವರ ಕೈಗೆ ಹೋಯಿತು. ಯಾರೂ ಬೈಯಲಿಲ್ಲ, ಅದು ಇನ್ನೂ ಕಷ್ಟ.

ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡ್ರೈವರನ್ನು ಹೊಸದಾಗಿ ಬರೆಯಬೇಕಾ ಅಂತಲೂ ಕೇಳಿದ್ದೀರಿ. ಬರೆಯಿರಿ, ಆದರೆ ಈ ಬಗ್‌ಗೆ ಅದನ್ನು ಕಾಯಬೇಡಿ. ಅರೇ ದಾಟೋದನ್ನು ಅದು ತಡೆಯುತ್ತದೆ. ಹಂಚಿಕೊಂಡ ಬಫರನ್ನು ಒಂದೇ ಸಲ ಓದಬೇಕು ಅನ್ನೋದು ಅಲ್ಲೂ ನಿಮ್ಮ ತಲೆಯಲ್ಲೇ ಇರಬೇಕು. ಅದಕ್ಕಿಂತ ಮೊದಲು ಆ ಎಣಿಕೆಯನ್ನು ಓದೋ ಪ್ರತಿ ಜಾಗವನ್ನೂ ಕೋಡಿನಲ್ಲಿ ಗ್ರೆಪ್ ಮಾಡಿ ಹುಡುಕಿ. ನಮ್ಮಲ್ಲಿ ಮೂರಿದ್ದವು. ಎಚ್26ಫೋರ್ಜ್ ಅನ್ನೋ ಉಪಕರಣವನ್ನೂ ನೋಡಿ, 2023ರಲ್ಲಿ ಹೊರಗೆ ಬಂದದ್ದು. ಬಿಟ್‌ಗಳನ್ನು ಕುರುಡಾಗಿ ಕೆಡಿಸದೆ, ರಚನೆ ಸರಿ ಇಟ್ಟು ಮೌಲ್ಯಗಳನ್ನು ಮಾತ್ರ ನಿಯಮ ಮೀರಿಸುತ್ತದೆ. ಡಿಕೋಡರಿನ ಒಳಗಿನ ಕೋಣೆಗಳಿಗೆ ಹೋಗೋದು ಅಂಥ ಫೈಲ್‌ಗಳೇ.

ಆ ಎಂಪಿ4 ಫೈಲನ್ನು ಟಿಕೆಟಿಗೆ ಸೇರಿಸುವಾಗ ಜಿಪ್ ಮಾಡಿ, ಪಾಸ್‌ವರ್ಡ್ ಹಾಕಿ. ಟೀಮಿನ ಚಾಟ್ ಗುಂಪಿಗೆ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ, "ಇದನ್ನು ಯಾರೂ ಓಪನ್ ಮಾಡಬೇಡಿ" ಅಂತ ಬರೆದು. ಯಾರೂ ಮಾಡಲಿಲ್ಲ. ಥಂಬ್‌ನೇಲ್ ತೋರಿಸೋಕೆ ಚಾಟ್ ಆ್ಯಪ್ಪೇ ಓಪನ್ ಮಾಡಿತು. ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಟೆಸ್ಟ್ ಫೋನ್‌ಗಳು ಒಂದಾದ ಮೇಲೆ ಒಂದು ಕಪ್ಪಾಗಿ, ಕಂಪನಿಯ ಲೋಗೋ ತೋರಿಸುತ್ತಾ ಮತ್ತೆ ಎದ್ದವು.