ಪೆಟ್ಟಿಗೆಯ ತುಡುವೆ ಹಾರಿಹೋಯಿತೇ?

ಪ್ರಶ್ನೆ: ತೋಟದ ಹುತ್ತದಲ್ಲಿದ್ದ ತುಡುವೆ ಜೇನನ್ನು ಪೆಟ್ಟಿಗೆಗೆ ತುಂಬಿದೆ. ಮೂರನೇ ದಿನ ಹಾರಿಹೋಯಿತು. ತಪ್ಪೆಲ್ಲಿ?
– ಓದುಗರು, ಶಿರಸಿ

ಉತ್ತರ: ಬೇಜಾರಾಗಬೇಡಿ. ನನ್ನ ಮೊದಲ ಎರಡು ಕುಟುಂಬಗಳೂ ಹೀಗೇ ಹೋದವು, ಆ ಖಾಲಿ ಪೆಟ್ಟಿಗೆ ನೋಡುವ ಸಂಕಟ ಗೊತ್ತು. ಮರಿ ಇರುವ ಎರಿ (ಜೇನಿನ ಮೇಣದ ಗೂಡು) ಪೆಟ್ಟಿಗೆಯೊಳಗೆ ಕಟ್ಟಿದ್ರಾ? ಮರಿ ಇದ್ದರೆ ನೊಣಗಳು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಹುತ್ತದಲ್ಲಿ ಇದ್ದ ಹಾಗೆಯೇ, ಮೇಲಿನ ತುದಿ ಮೇಲಕ್ಕೇ ಬರುವಂತೆ, ಬಾಳೆ ನಾರಿನಿಂದ ಚೌಕಟ್ಟಿಗೆ ಕಟ್ಟಿ. ಎರಿಯ ಜೇನುತುಪ್ಪದ ಭಾಗ ಕತ್ತರಿಸಿ ತೆಗೆಯಿರಿ. ಸೋರಿದರೆ ಇರುವೆ ಮುತ್ತುತ್ತದೆ. ರಾಣಿ ಒಳಗೆ ಬಂದಳಾ ಅಂತ ಕಣ್ಣಾರೆ ನೋಡಿ. ನಾಲ್ಕೈದು ದಿನ ಬಾಗಿಲಿಗೆ ರಾಣಿ ತಡೆ ಗೇಟು ಇರಲಿ. ಕೆಲಸಗಾರ ನೊಣ ನುಸುಳುತ್ತದೆ, ರಾಣಿಗೆ ಆಗದು. ಸಂಜೆ ಸಕ್ಕರೆ ಪಾಕ ಇಡಿ. ಆ ವಾರ ಸುಮ್ನೆ ಮುಚ್ಚಳ ತೆಗೆದು ನೋಡಬೇಡಿ, ದಯವಿಟ್ಟು.