ಪಂಚಾಯ್ತಿಗೆ ನಿಲ್ಲುವ ಆಸೆ ಯಾರದ್ದು?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿ. ವಯಸ್ಸು 40ರ ಆಸುಪಾಸು. ರಾತ್ರಿ ನಿದ್ದೆಯಿಲ್ಲ, ಸುಮ್ನೆ ಸುಮ್ನೆ ಅಳು ಬರುತ್ತೆ ಎಂದು ನನ್ನ ಹತ್ತಿರ ಸಲಹೆಗೆ ಬಂದಿದ್ದರು.

ಗ್ರಾಮ ಪಂಚಾಯ್ತಿಗೆ ನಿಲ್ಲಬೇಕೆಂದು ಓಡಾಡುತ್ತಿದ್ದವರು ಇವರ ಗಂಡ. ಆದರೆ ಸೀಟು ಮಹಿಳೆಗೆ ಮೀಸಲಾಯಿತು. ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸೀಟು ಹೆಂಗಸರದ್ದೇ ಅಲ್ವಾ. "ನೀನು ಸಹಿ ಹಾಕು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರಂತೆ. ತೋಟದ ದಾರಿ ವಿಷಯದಲ್ಲಿ ಹಳೇ ಮೆಂಬರು ಗಂಡನಿಗೆ ಊರೆದುರು ಅವಮಾನ ಮಾಡಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

"ಹಾಗಾದ್ರೆ ನಿಮಗೆ ಇಷ್ಟ ಇಲ್ವಾ?" ಎಂದೆ.

"ಇದೆ ಮೇಡಂ. ಹೇಳ್ಕೊಳ್ಳೋಕೇ ನಾಚಿಕೆ."

ಅವರ ಮನೆ ಹಿಂದಿನ ಹಳ್ಳಕ್ಕೆ ಎರಡು ಅಡಿಕೆ ಮರ ಹಾಸಿದ ಕಾಲುಸಂಕವಿದೆ. ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಶಾಲೆ ಮಕ್ಕಳ ಚೀಲ ತಾವು ಹೊತ್ತು, ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸುತ್ತಾರೆ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿದೆ. ಜೊತೆಗೆ, ಸ್ತ್ರೀಶಕ್ತಿ ಸಂಘದ ಲೆಕ್ಕವನ್ನೆಲ್ಲ ಬರೆಯುವ ತನಗೆ ಮನೆಯಲ್ಲೂ ಸ್ವಲ್ಪ ಬೆಲೆ ಸಿಗಲಿ ಎಂಬ ಬಯಕೆ.

ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದೆ. ಬರೀ ಸೇವೆಗೆಂದು ನಿಲ್ಲುವವರು ಅಪರೂಪ. ಊರಿನ ಕೆಲಸ ಆಗಲಿ, ಜನ ಮರ್ಯಾದೆ ಕೊಡಲಿ ಎಂಬ ಎರಡೂ ಆಸೆ ಒಟ್ಟಿಗೇ ಇರುತ್ತವೆ. ನನಗೆ ಭಯ ಇರುವುದು ಗಂಡನ ಸಿಟ್ಟಿನ ಬಗ್ಗೆ. ಎಣಿಕೆಯ ದಿನವೇ ಅದು ತೀರಿಹೋಗುತ್ತದೆ, ಮೆಂಬರ್‌ಗಿರಿ ಮಾತ್ರ 5 ವರ್ಷ. ಈ ಚುನಾವಣೆಗೆ ಪಕ್ಷದ ಚಿಹ್ನೆಯೂ ಇಲ್ಲ. ಸೋತರೆ ಪಕ್ಷದ ಮೇಲೆ ಹಾಕುವ ಹಾಗಿಲ್ಲ. ನೆಂಟರೇ ಓಟು ಹಾಕಲಿಲ್ಲ ಎಂಬ ನೋವು ಮನೆಯೊಳಗೇ ಉಳಿಯುತ್ತದೆ.

ನಾಮಪತ್ರದ ಮಾತು ಸದ್ಯಕ್ಕೆ ಬೇಡ ಎಂದು ಸಲಹೆ ಕೊಟ್ಟೆ. ಮೊದಲು ವಾರ್ಡ್ ಸಭೆಗೆ ಹೋಗಿ ಸಂಕದ ವಿಷಯ ನೀವೇ ಎತ್ತಿ. ವಾರ್ಡಿನಲ್ಲಿ ಓಟಿದ್ದವರು ಯಾರು ಬೇಕಾದರೂ ಅಲ್ಲಿ ಮಾತಾಡಬಹುದು, ಅದಕ್ಕೆ ಮೆಂಬರ್ ಆಗಬೇಕಿಲ್ಲ. ಆ ಕೆಲಸ ನಿಮಗೆ ಹಿಡಿಸುತ್ತಾ ನೋಡಿ. ಹಿಡಿಸಿದರೆ ಗಂಡನ ಹತ್ತಿರ ಎರಡು ಮಾತು ಮೊದಲೇ ಇತ್ಯರ್ಥವಾಗಲಿ. ಪಂಚಾಯ್ತಿ ಸಭೆಯಲ್ಲಿ ಕೂತು ಮಾತಾಡುವವರು ನೀವೇ. ಖರ್ಚಿಗೆಂದು ಅಡಿಕೆ ಮೇಲೆ ಸಾಲ ಎತ್ತುವಂತಿಲ್ಲ.

ಮುಂದಿನ ಭೇಟಿಗೆ ಬರುವಷ್ಟರಲ್ಲಿ ಸಭೆಗೆ ಹೋಗಿ ಮಾತಾಡಿದ್ದರು. ಕೈ ನಡುಗಿತಂತೆ. ಆದರೂ ಸಂಕದ ವಿಷಯ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ ಕೂರಲಿಲ್ಲವಂತೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಸಾಲದ ಮಾತಿಗೆ ಗಂಡ ಒಪ್ಪಿದ್ದಾರೆ, ಮೊದಲನೆಯದಕ್ಕೆ ಇನ್ನೂ ಒಪ್ಪಿಲ್ಲ. ಮುಂದಿನ ವಾರ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.